ಫ್ರೆಂಚರು ಬರಲಿಲ್ಲ, ಸಂಪಾದಕರು ಜೈಲಿಗೆ ಹೋದರು!

ಕುಡಿದವನ ಒಂದು ಮಾತಿಗೆ ಸರ್ಕಾರ ಎಷ್ಟು ಬೆಲೆ ಕಟ್ಟಬಹುದು? ಅಮೆರಿಕದ ಕೋರ್ಟು ಅಂಥ ಒಂದು ಮಾತಿಗೆ ಕಟ್ಟಿದ ಬೆಲೆ 150 ಡಾಲರ್ ದಂಡ, ಮೇಲೆ ಕೋರ್ಟು ಖರ್ಚು, ಅದನ್ನು ಕಟ್ಟುವವರೆಗೂ ಜೈಲು.

1798ರ ಜುಲೈ ತಿಂಗಳು. ನ್ಯೂಜೆರ್ಸಿಯ ನ್ಯೂವಾರ್ಕ್ ಎಂಬ ಊರು. ರಾಷ್ಟ್ರಾಧ್ಯಕ್ಷ ಜಾನ್ ಆಡಮ್ಸ್ ಅವರ ಸವಾರಿ ಆ ದಾರಿಯಲ್ಲಿ ಹೊರಟಿತ್ತು. ಊರಿನ ಗಣ್ಯರು ತೋಪು ಹಾರಿಸಿ ಗೌರವ ತೋರಿಸಿದರು. ಹೆಂಡದಂಗಡಿಯ ಹತ್ತಿರ ಇದ್ದ ಒಬ್ಬ, ಅಗೋ ಅಧ್ಯಕ್ಷರು ಹೋಗುತ್ತಿದ್ದಾರೆ, ಇವರು ಅವರ ಹಿಂಭಾಗಕ್ಕೆ ಗುಂಡು ಹಾರಿಸುತ್ತಿದ್ದಾರೆ ಎಂದು ತಮಾಷೆ ಮಾಡಿದ. ಲೂಥರ್ ಬಾಲ್ಡ್ವಿನ್ ಎಂಬಾತ, ಗುಂಡು ಒಳಕ್ಕೇ ಹೊಕ್ಕರೂ ನನಗೇನೂ ಬೇಜಾರಿಲ್ಲ ಎಂದುಬಿಟ್ಟ. ಅಷ್ಟೇ! ಅಂಗಡಿಯವನು ಇದು ರಾಜದ್ರೋಹ ಎಂದ. ಕೇಸು ಬಿತ್ತು.

ರಾಜನೇ ಬೇಡ ಎಂದು ಏಳೆಂಟು ವರ್ಷ ರಕ್ತ ಸುರಿಸಿ ಕಟ್ಟಿದ ದೇಶದಲ್ಲಿ ರಾಜದ್ರೋಹ! ಹೇಗಿದೆ ನೋಡಿ.

ಗೆಳೆಯರೇ, ನಿಮ್ಮ ಬೀದಿಯಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದವರು ಒಬ್ಬರಾದರೂ ಇರುತ್ತಾರೆ. ಅಲ್ಲಿಂದ ಬಂದವರು ಹೇಳುವ ಮೊದಲ ಮಾತು, 'ಅಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದು ಕಣ್ರೀ' ಅಂತ. ಆ ಹಕ್ಕು ಅಲ್ಲಿನ ಸಂವಿಧಾನದಲ್ಲಿ ಬರೆದಿರುವುದು ನಿಜ. 1791ರ ಮೊದಲ ತಿದ್ದುಪಡಿಯಲ್ಲಿ, ಮಾತಿನ ಮತ್ತು ಪತ್ರಿಕೆಯ ಸ್ವಾತಂತ್ರ್ಯವನ್ನು ಮೊಟಕು ಮಾಡುವ ಕಾನೂನನ್ನು ಕಾಂಗ್ರೆಸ್ ಮಾಡಕೂಡದು ಎಂದು ಸ್ಪಷ್ಟವಾಗಿ ಇದೆ. ಬರೆದ ಮಸಿ ಒಣಗಿ ಏಳು ವರ್ಷವಾಗಿರಲಿಲ್ಲ, ಅದೇ ಕಾಂಗ್ರೆಸ್ ಅಂಥದೇ ಕಾನೂನು ಮಾಡಿತು. ಮಾಡಿದವರು ಯಾರೋ ಕಳ್ಳಕಾಕರಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಪ್ರಾಣ ಪಣಕ್ಕಿಟ್ಟವರೇ. ಸಹಿ ಹಾಕಿದ ಆಡಮ್ಸ್ ಅವರೂ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದವರೇ. ಹಾಗಾದರೆ ಇದು ಹೇಗಾಯಿತು?

ಯುದ್ಧದ ಗುಮ್ಮನಿಂದಾಯಿತು. ಆ ಗುಮ್ಮನನ್ನು ಹೇಗೆ ಸಾಕಿದರು ಅನ್ನುವುದು ಸ್ವಲ್ಪ ಉದ್ದದ ಕತೆ, ತಾಳ್ಮೆಯಿರಲಿ.

ಬ್ರಿಟಿಷರ ವಿರುದ್ಧ ಅಮೆರಿಕ ಹೋರಾಡುವಾಗ ಬೆನ್ನಿಗೆ ನಿಂತದ್ದು ಫ್ರಾನ್ಸ್. 1778ರಲ್ಲಿ ಇಬ್ಬರಿಗೂ ಒಪ್ಪಂದವಾಗಿತ್ತು. ಆಮೇಲೆ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು, ದೊರೆಯ ತಲೆ ಉರುಳಿತು, 1793ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಹತ್ತಿತು. ಅಮೆರಿಕ ಯಾರ ಕಡೆ? ವಾಷಿಂಗ್ಟನ್ ಯಾರ ಕಡೆಯೂ ಇಲ್ಲ ಎಂದರು. ಆದರೆ ಮರುವರ್ಷ ಜಾನ್ ಜೇ ಎಂಬುವರು ಲಂಡನ್ನಿಗೆ ಹೋಗಿ ಬ್ರಿಟಿಷರೊಂದಿಗೆ ಒಪ್ಪಂದ ಮಾಡಿಕೊಂಡು ಬಂದರು. ಬೀದಿ ಬೀದಿಯಲ್ಲಿ ಜೇ ಪ್ರತಿಕೃತಿ ಸುಟ್ಟರು. ಸೆನೆಟ್ಟಿನಲ್ಲಿ ಒಪ್ಪಂದ ಪಾಸಾದದ್ದು 20ಕ್ಕೆ 10 ಮತದಿಂದ, ಬೇಕಾದ ಮೂರನೇ ಎರಡು ಪಾಲಿಗಿಂತ ಒಂದೇ ಒಂದು ಮತವೂ ಹೆಚ್ಚಿಲ್ಲ. ಫ್ರಾನ್ಸ್ ಇದನ್ನು ಬೆನ್ನಿಗೆ ಹಾಕಿದ ಚೂರಿ ಎಂದುಕೊಂಡಿತು. ಒಂದೇ ವರ್ಷದೊಳಗೆ 300ಕ್ಕೂ ಹೆಚ್ಚು ಅಮೆರಿಕನ್ ವ್ಯಾಪಾರಿ ಹಡಗುಗಳನ್ನು ಹಿಡಿಯಿತು.

1797ರಲ್ಲಿ ಹೊಸ ಅಧ್ಯಕ್ಷ ಆಡಮ್ಸ್ ಮೂವರು ರಾಯಭಾರಿಗಳನ್ನು ಪ್ಯಾರಿಸ್ಸಿಗೆ ಕಳುಹಿಸಿದರು. ಫ್ರಾನ್ಸಿನ ವಿದೇಶಾಂಗ ಮಂತ್ರಿ ತಾಲೆರಾಂ ಅವರನ್ನು ಸರಿಯಾಗಿ ಮಾತಾಡಿಸಲೂ ಇಲ್ಲ. ಬದಲಿಗೆ ಅವರ ದಲ್ಲಾಳಿಗಳು ಒಬ್ಬೊಬ್ಬರಾಗಿ ಬಂದರು. ಮಾತುಕತೆ ಶುರುವಾಗಬೇಕಾದರೆ ಮಂತ್ರಿಗಳಿಗೆ 50,000 ಪೌಂಡ್ ಕೊಡಬೇಕು, ಫ್ರಾನ್ಸಿಗೆ ದೊಡ್ಡ ಸಾಲ ಬೇರೆ ಕೊಡಬೇಕು! ಲಂಚವಿಲ್ಲದೆ ಫೈಲು ಮುಂದಕ್ಕೆ ಹೋಗದು ಎಂಬ ಮಾತು ನಮಗೆ ಹೊಸದಲ್ಲ ಬಿಡಿ. ಅಮೆರಿಕದವರಿಗೆ ಸಿಟ್ಟು ನೆತ್ತಿಗೇರಿತು. ಆಡಮ್ಸ್ 1798ರ ಏಪ್ರಿಲ್‌ನಲ್ಲಿ ಕಾಗದಪತ್ರಗಳನ್ನೆಲ್ಲ ಕಾಂಗ್ರೆಸ್ಸಿನ ಮುಂದಿಟ್ಟರು. ದಲ್ಲಾಳಿಗಳ ಹೆಸರಿನ ಜಾಗದಲ್ಲಿ ಎಕ್ಸ್, ವೈ, ಝಡ್ ಎಂದು ಬರೆದರು. ಚರಿತ್ರೆಯಲ್ಲಿ ಅದು 'ಎಕ್ಸ್ ವೈ ಝಡ್ ಹಗರಣ' ಎಂದೇ ಹೆಸರಾಯಿತು.

ಅವಮಾನ ನಿಜವಾದದ್ದೇ. ಹಡಗು ಹೋದದ್ದೂ ನಿಜವೇ. ಸಮುದ್ರದಲ್ಲಿ ಎರಡು ವರ್ಷ ಎರಡೂ ಕಡೆಯ ಹಡಗುಗಳು ಗುಂಡು ಹಾರಿಸಿಕೊಂಡದ್ದೂ ನಿಜ. ಆದರೆ ಯಾರೂ ಯುದ್ಧ ಘೋಷಿಸಲಿಲ್ಲ, ಒಬ್ಬನೇ ಒಬ್ಬ ಫ್ರೆಂಚ್ ಸಿಪಾಯಿ ದಂಡೆತ್ತಿ ಬಂದು ಅಮೆರಿಕದ ನೆಲದ ಮೇಲೆ ಇಳಿಯಲಿಲ್ಲ. ಊರೊಳಗೆ ಮಾತ್ರ ದಂಡಯಾತ್ರೆ ಶುರುವಾಗಿಹೋಗಿತ್ತು! ಟೋಪಿಗೆ ಕಪ್ಪು ರಿಬ್ಬನ್ನು ಸಿಕ್ಕಿಸಿದವನು ದೇಶಭಕ್ತ. ಫ್ರೆಂಚರ ಮೂರು ಬಣ್ಣ ಸಿಕ್ಕಿಸಿದವನು ದ್ರೋಹಿ. ಆಗಿನ ರಾಜಧಾನಿ ಫಿಲಡೆಲ್ಫಿಯಾದ ಬೀದಿಗಳಲ್ಲಿ ಹೊಡೆದಾಟ. ಆಡಮ್ಸ್ ಅವರ ಫೆಡರಲಿಸ್ಟ್ ಪಕ್ಷಕ್ಕೆ ಇದು ಹಬ್ಬದೂಟ. ಜೆಫರ್ಸನ್ ಮತ್ತು ಮ್ಯಾಡಿಸನ್ನರ ರಿಪಬ್ಲಿಕನ್ನರು (ಇಂದಿನ ರಿಪಬ್ಲಿಕನ್ ಪಕ್ಷ ಬೇರೆ, ಗೊಂದಲ ಬೇಡ) ಫ್ರೆಂಚರ ಚಮಚಾಗಳು ಎಂದು ಬೊಟ್ಟು ಮಾಡಿದರೆ ಸಾಕಿತ್ತು.

ಆ ಬೇಸಿಗೆಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಕಾನೂನು ಬಂದವು. ವಲಸೆ ಬಂದವನು ಪೌರನಾಗಲು 5 ವರ್ಷದ ಬದಲು 14 ವರ್ಷ ಕಾಯಬೇಕು. ಬಡ ಐರಿಷರು, ಫ್ರೆಂಚರು ಬಂದಿಳಿದವರೇ ಜೆಫರ್ಸನ್ ಕಡೆಗೆ ಮತ ಹಾಕುತ್ತಿದ್ದರಲ್ಲ, ಅದಕ್ಕೆ. ಅಪಾಯಕಾರಿ ಎಂದು ಅಧ್ಯಕ್ಷರಿಗೆ ತೋಚಿದ ಪರದೇಶಿಯನ್ನು ವಿಚಾರಣೆಯಿಲ್ಲದೆ ಹೊರಹಾಕಬಹುದು. ಶತ್ರು ದೇಶದವನನ್ನು ಯುದ್ಧಕಾಲದಲ್ಲಿ ಹಿಡಿದಿಡಬಹುದು. ಕೊನೆಯದಾಗಿ ಜುಲೈ 14ರಂದು ರಾಜದ್ರೋಹ ಕಾಯ್ದೆ. ಸರ್ಕಾರದ, ಕಾಂಗ್ರೆಸ್ಸಿನ ಅಥವಾ ಅಧ್ಯಕ್ಷರ ಮೇಲೆ ಸುಳ್ಳಾದ, ದುರುದ್ದೇಶದ ಬರಹ ಬರೆದರೆ 2 ವರ್ಷದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಕೆಳಮನೆಯಲ್ಲಿ ಪಾಸಾದದ್ದು 44ಕ್ಕೆ 41 ಮತದಿಂದ.

ಇದರ ಒಳಹೂರಣ ನೋಡಿ ಮಜಾ ಇದೆ. ಅಧ್ಯಕ್ಷರನ್ನು ಬೈಯುವ ಹಾಗಿಲ್ಲ, ಕಾಂಗ್ರೆಸ್ಸನ್ನು ಬೈಯುವ ಹಾಗಿಲ್ಲ. ಉಪಾಧ್ಯಕ್ಷರನ್ನು? ಧಾರಾಳವಾಗಿ ಬೈಯಬಹುದು! ಏಕೆಂದರೆ ಆಗ ಉಪಾಧ್ಯಕ್ಷರಾಗಿದ್ದವರು ವಿರೋಧಿ ಬಣದ ಜೆಫರ್ಸನ್. ಇನ್ನೂ ಒಂದು. ಈ ಕಾಯ್ದೆಯ ಆಯುಷ್ಯ 1801ರ ಮಾರ್ಚ್ 3ಕ್ಕೆ ಮುಗಿಯುತ್ತದೆ ಎಂದು ಅದರಲ್ಲೇ ಬರೆದಿದ್ದರು. ಮರುದಿನ ಮಾರ್ಚ್ 4, ಮುಂದಿನ ಅಧ್ಯಕ್ಷರು ಪ್ರಮಾಣ ಮಾಡುವ ದಿನ. ಅಂದರೆ ಚುನಾವಣೆಯಲ್ಲಿ ಸೋತರೆ ಈ ಕೋಲು ಎದುರಾಳಿಯ ಕೈಗೆ ಸಿಗಬಾರದು. ಫ್ರೆಂಚರಿಗಾಗಿ ಮಾಡಿದ ಕಾನೂನಾಗಿದ್ದರೆ ಚುನಾವಣಾ ಕ್ಯಾಲೆಂಡರಿಗೂ ಅದಕ್ಕೂ ಏನು ಸಂಬಂಧ ಸ್ವಾಮಿ?

ಆ ಕಾಲದ ಪತ್ರಿಕೆಗಳೇನೂ ಸಾಚಾ ಅಲ್ಲ. ಬೆಂಜಮಿನ್ ಫ್ರಾಂಕ್ಲಿನ್ನರ ಮೊಮ್ಮಗ ಬೆಂಜಮಿನ್ ಬೀಚ್ 'ಅರೋರಾ' ಎಂಬ ಪತ್ರಿಕೆ ನಡೆಸುತ್ತಿದ್ದ. ಆಡಮ್ಸ್ ಅವರ ಬೋಳುತಲೆ, ಬೊಚ್ಚುಬಾಯಿ, ಮುಪ್ಪು ಯಾವುದನ್ನೂ ಬಿಡಲಿಲ್ಲ. ವಾಷಿಂಗ್ಟನ್ ಅಧಿಕಾರ ಬಿಟ್ಟಾಗ ಪೀಡೆ ತೊಲಗಿತು ಎಂಬರ್ಥದಲ್ಲಿ ಸಂಭ್ರಮಿಸಿದ ಪತ್ರಿಕೆ ಅದು. ಓದಿದರೆ ನನಗೂ ಕೆಲವು ಕಡೆ ಮುಜುಗರವಾಗುತ್ತದೆ. ಆದರೆ ಸರ್ಕಾರಕ್ಕೆ ನಿಜವಾಗಿ ಉರಿದದ್ದು ಬೈಗುಳಕ್ಕಲ್ಲ. ತಾಲೆರಾಂ ಕಳುಹಿಸಿದ್ದ ಪತ್ರವೊಂದನ್ನು ಅಧ್ಯಕ್ಷರು ಕಾಂಗ್ರೆಸ್ಸಿಗೆ ಒಪ್ಪಿಸುವ ಮುಂಚೆಯೇ ಬೀಚ್ ಅಚ್ಚು ಹಾಕಿದ. ಸುದ್ದಿ ಮೊದಲು ಕೊಟ್ಟದ್ದೇ ತಪ್ಪು! ಫ್ರೆಂಚರ ಏಜೆಂಟ್ ಎಂದರು. ಗುಂಪು ಬಂದು ಮನೆಗೆ ಕಲ್ಲು ಹೊಡೆಯಿತು. ಹೊಸ ಕಾಯ್ದೆ ಪಾಸಾಗುವವರೆಗೆ ಕಾಯುವ ವ್ಯವಧಾನವೂ ಇಲ್ಲದೆ ಜೂನ್ ಕೊನೆಯಲ್ಲಿ ಹಳೆಯ ಇಂಗ್ಲಿಷ್ ಕಾನೂನಿನಡಿ ಹಿಡಿದರು. ಜಾಮೀನಿನ ಮೇಲೆ ಹೊರಬಂದ. ಆ ಬೇಸಿಗೆಯಲ್ಲೇ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಡಿಯಿತು. ಊರು ಬಿಟ್ಟು ಓಡಿದವರು ಓಡಿದರು, ಬೀಚ್ ಪತ್ರಿಕೆ ಬಿಟ್ಟು ಹೋಗಲಿಲ್ಲ. ವಿಚಾರಣೆಯ ಮುಂಚೆಯೇ ತೀರಿಕೊಂಡ. ವಯಸ್ಸು 29. ನಿಮ್ಮಲ್ಲಿ ಎಷ್ಟು ಜನರ ವಯಸ್ಸದು? ಹೆಂಡತಿ ಮಾರ್ಗರೆಟ್ ಪತ್ರಿಕೆಯನ್ನು ಸಾಯಲು ಬಿಡಲಿಲ್ಲ.

ಇನ್ನೊಬ್ಬ ಮ್ಯಾಥ್ಯೂ ಲಿಯಾನ್. ಐರ್ಲೆಂಡಿನಿಂದ ಜೀತದಾಳಾಗಿ ಬಂದ ಹುಡುಗ, ವರ್ಮಾಂಟಿನಿಂದ ಕಾಂಗ್ರೆಸ್ ಸದಸ್ಯನಾದವನು. ಒರಟ. ಸದನದೊಳಗೇ ಎದುರಾಳಿಯ ಮುಖಕ್ಕೆ ಉಗಿದವನು. ಆ ಎದುರಾಳಿ ಎರಡು ವಾರದ ನಂತರ ದೊಣ್ಣೆ ಹಿಡಿದು ಬಂದ, ಲಿಯಾನ್ ಬೆಂಕಿಗೂಡಿನ ಇಕ್ಕಳ ಎತ್ತಿಕೊಂಡ, ಕಾಂಗ್ರೆಸ್ಸಿನ ನೆಲದ ಮೇಲೆ ಇಬ್ಬರೂ ಉರುಳಾಡಿದರು. (ನಮ್ಮ ವಿಧಾನಸಭೆಯಲ್ಲಿ ಮೈಕು ಮುರಿದಾಗ ಮರ್ಯಾದೆ ಹೋಯಿತೆಂದು ಗೋಳಾಡುವವರು ಇದನ್ನು ನೆನೆಯಲಿ.) ಅಧ್ಯಕ್ಷರಿಗೆ ಆಡಂಬರದ ಹುಚ್ಚು, ಹೊಗಳಿಕೆಯ ಚಪಲ ಎಂದು ಲಿಯಾನ್ ಒಂದು ಪತ್ರ ಬರೆದಿದ್ದ. ಬರೆದದ್ದು ಜೂನ್‌ನಲ್ಲಿ, ಕಾಯ್ದೆ ಬರುವ ಮುಂಚೆ. ಅಚ್ಚಾದದ್ದು ಜುಲೈ ಕೊನೆಗೆ. ಸಾಕಾಯಿತು. ಈ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟಿನಲ್ಲಿ ವಾದಿಸಿದ. ನ್ಯಾಯಪೀಠದಲ್ಲಿ ಕೂತಿದ್ದ ವಿಲಿಯಂ ಪ್ಯಾಟರ್ಸನ್ ಆ ಸಂವಿಧಾನಕ್ಕೇ ಸಹಿ ಹಾಕಿದ್ದವರಲ್ಲೊಬ್ಬರು, ಕೇಳಲಿಲ್ಲ. 4 ತಿಂಗಳು ಜೈಲು, 1,000 ಡಾಲರ್ ದಂಡ.

ವರ್ಮಾಂಟಿನ ಜನ ಏನು ಮಾಡಿದರು ಗೊತ್ತೇ? ಜೈಲಿನಲ್ಲಿದ್ದವನನ್ನೇ ಮತ್ತೆ ಆರಿಸಿ ಕಾಂಗ್ರೆಸ್ಸಿಗೆ ಕಳುಹಿಸಿದರು!

ಅವನ ದಂಡ ಕಟ್ಟಲು ಲಾಟರಿ ಎತ್ತಿದರು. ಆ ಲಾಟರಿಯ ಜಾಹೀರಾತು ಅಚ್ಚು ಹಾಕಿದ ತಪ್ಪಿಗೆ ಬೆನಿಂಗ್ಟನ್ನಿನ ಸಂಪಾದಕ ಆಂಥೊನಿ ಹ್ಯಾಸ್ವೆಲ್‌ಗೆ 2 ತಿಂಗಳು ಜೈಲು. ಮ್ಯಾಸಚೂಸೆಟ್ಸಿನ ಡೆಡ್‌ಹ್ಯಾಮ್‌ನಲ್ಲಿ ಒಂದು ಕಂಬ ನೆಟ್ಟು ಸರ್ಕಾರದ ವಿರುದ್ಧ ಬರೆದ ಹಲಗೆ ಹಾಕಿದ್ದಕ್ಕೆ ಡೇವಿಡ್ ಬ್ರೌನ್ ಎಂಬ ಊರೂರು ಅಲೆಯುವ ಕೂಲಿಗೆ 18 ತಿಂಗಳು. ಅತಿ ದೊಡ್ಡ ಶಿಕ್ಷೆ ಬಿದ್ದದ್ದು ಇವನಿಗೆ. ಸಂಪಾದಕನಲ್ಲ, ನಾಯಕನಲ್ಲ, ಜಾಮೀನಿಗೆ ನಿಲ್ಲುವವರಿಲ್ಲದ ಬಡವ. ಪೆನ್ಸಿಲ್ವೇನಿಯಾದ ಜರ್ಮನ್ ಮಾತಾಡುವ ರೈತರು ಸೈನ್ಯಕ್ಕಾಗಿ ಹಾಕಿದ ಮನೆ ತೆರಿಗೆಯ ವಿರುದ್ಧ 1799ರಲ್ಲಿ ತಿರುಗಿಬಿದ್ದಾಗ ಅವರ ಮೇಲೆ ಸೈನ್ಯ ಬಿಟ್ಟರು. ಆ ಸೈನಿಕರ ನಡತೆಯನ್ನು ಟೀಕಿಸಿದ ರೆಡಿಂಗ್ ಊರಿನ ಜರ್ಮನ್ ಪತ್ರಿಕೆ 'ಆಡ್ಲರ್'ನ ಸಂಪಾದಕನನ್ನು ಎಳೆದೊಯ್ದು ಚಾಟಿಯಿಂದ ಹೊಡೆದರು. ಅಲ್ಲಿ ಕೋರ್ಟಿನ ನಾಟಕವೂ ಬೇಕಾಗಲಿಲ್ಲ.

ಕಾಯ್ದೆಯನ್ನು ಸಮರ್ಥಿಸುವವರು ಒಂದು ಮಾತು ಹೇಳುತ್ತಾರೆ. ಬರೆದದ್ದು ನಿಜ ಎಂದು ತೋರಿಸಿದರೆ ಬಿಡುಗಡೆ ಎಂದು ಅದರಲ್ಲಿತ್ತು, ತೀರ್ಮಾನ ಜ್ಯೂರಿಯದ್ದು, ಆ ಕಾಲದ ಇಂಗ್ಲಿಷ್ ಕಾನೂನಿಗಿಂತ ಮೇಲು ಎಂದು. ಕಾಗದದ ಮೇಲೆ ಸರಿ. ಆದರೆ 'ಅಧ್ಯಕ್ಷರಿಗೆ ಹೊಗಳಿಕೆಯ ಚಪಲ' ಎಂಬುದು ನಿಜವೋ ಸುಳ್ಳೋ ಎಂದು ಯಾವ ಸಾಕ್ಷಿ ತಂದು ರುಜುವಾತು ಮಾಡುತ್ತೀರಿ? ಅಭಿಪ್ರಾಯಕ್ಕೆ ರಸೀದಿ ಇರುತ್ತದೆಯೇ? ಆಡಮ್ಸ್ ಸರ್ಕಾರದ ವಿದೇಶಾಂಗ ಕಾರ್ಯದರ್ಶಿ ಪಿಕರಿಂಗ್ ಬೆಳಗಾದರೆ ವಿರೋಧಿ ಪತ್ರಿಕೆಗಳನ್ನು ಓದಿ ಯಾರ ಮೇಲೆ ಕೇಸು ಹಾಕಬಹುದೆಂದು ಹುಡುಕುತ್ತಿದ್ದರು. 1800ರ ಚುನಾವಣೆ ಹತ್ತಿರವಾದಂತೆ ಕೇಸು ಬಿದ್ದದ್ದು ಜೆಫರ್ಸನ್ ಪರವಾದ ಮುಖ್ಯ ಪತ್ರಿಕೆಗಳ ಮೇಲೆ.

ಈಗ ನಮ್ಮ ನಾಡಿನತ್ತ ಒಮ್ಮೆ ತಿರುಗಿ. ಇದೇ ವರ್ಷಗಳು, ಇದೇ ಫ್ರೆಂಚ್ ಗುಮ್ಮ! 1798ರ ಜನವರಿಯಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಾಲಾರ್ತಿಕ್, ಟಿಪ್ಪು ಸುಲ್ತಾನನ ನೆರವಿಗೆ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಪ್ರಕಟಣೆ ಹೊರಡಿಸಿದ. ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಆ ಪ್ರಕಟಣೆಯ ಕಾಗದ ಹಿಡಿದುಕೊಂಡೇ ಗವರ್ನರ್ ಜನರಲ್ ವೆಲ್ಲೆಸ್ಲಿ ಯುದ್ಧ ಹೂಡಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಇದು ನಿಮಗೆ ಗೊತ್ತು. ಗೊತ್ತಿಲ್ಲದಿರಬಹುದಾದ್ದು ಇದು: ಅದೇ ತಿಂಗಳು ಕಲ್ಕತ್ತೆಯಲ್ಲಿ ವೆಲ್ಲೆಸ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕಿದ. ಅಚ್ಚು ಹಾಕುವ ಮುಂಚೆ ಪ್ರತಿಯೊಂದನ್ನೂ ಸರ್ಕಾರದ ಕಾರ್ಯದರ್ಶಿಗೆ ತೋರಿಸಬೇಕು. ಮೀರಿದ ಸಂಪಾದಕನನ್ನು ಹಡಗು ಹತ್ತಿಸಿ ಯೂರೋಪಿಗೆ ಅಟ್ಟುವುದು. ಆಗಿನ ಕಲ್ಕತ್ತೆಯ ಸಂಪಾದಕರು ಬಿಳಿಯರೇ, ಕಂಪನಿಯ ಜಾತಿಯವರೇ. ಆದರೂ ನಂಬಿಕೆಯಿಲ್ಲ! ಫಿಲಡೆಲ್ಫಿಯಾದಲ್ಲಿ ಚುನಾಯಿತ ಸರ್ಕಾರ, ಕಲ್ಕತ್ತೆಯಲ್ಲಿ ವ್ಯಾಪಾರಿ ಕಂಪನಿಯ ದರ್ಬಾರು. ಭಯ ಒಂದೇ, ಮದ್ದು ಒಂದೇ. ಅಮೆರಿಕದ ಕಾಯ್ದೆ ಎರಡೂವರೆ ವರ್ಷ ಬದುಕಿತು. ಕಲ್ಕತ್ತೆಯ ಪೂರ್ವಸೆನ್ಸಾರು 1818ರವರೆಗೆ ನಡೆಯಿತು.

ಒಂದು ಕಾಲದಲ್ಲಿ ಫಿಲಡೆಲ್ಫಿಯಾದವರಿಗೆ ಮೈಸೂರಿನ ಹೆಸರು ಕೇಳಿದರೆ ಖುಷಿಯಾಗುತ್ತಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬ್ರಿಟಿಷರನ್ನು ಬಡಿದವನೆಂದು ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ ತನಗಿಂತ ಬಲವಾದ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ಅದನ್ನು ಹಾಡಿ ಹೊಗಳಿದ ಕವಿ ಫಿಲಿಪ್ ಫ್ರೆನೊ. ಮುಂದೆ ಇದೇ ಫ್ರೆನೊಗೆ ಜೆಫರ್ಸನ್ ತಮ್ಮ ಕಚೇರಿಯಲ್ಲಿ ವರ್ಷಕ್ಕೆ 250 ಡಾಲರ್ ಸಂಬಳದ ಅನುವಾದಕನ ಕೆಲಸ ಕೊಟ್ಟು, ಜತೆಗೆ ಸರ್ಕಾರವನ್ನೇ ಬೈಯುವ ಪತ್ರಿಕೆ ನಡೆಸಲು ಬಿಟ್ಟರು. ಸರ್ಕಾರದ ಸಂಬಳದಲ್ಲಿ ಸರ್ಕಾರಕ್ಕೆ ಬೈಗುಳ! ಜೆಫರ್ಸನ್ನರ ಚಾಣಾಕ್ಷತನ ಅಂಥದು.

ಆ ಚಾಣಾಕ್ಷತನದ ಮೇಲೆ ಒಂದು ಕಣ್ಣಿಡಿ. ಕಾಯ್ದೆಯ ವಿರುದ್ಧ ಕೆಂಟಕಿ ಮತ್ತು ವರ್ಜೀನಿಯಾ ರಾಜ್ಯಗಳು 1798ರ ಕೊನೆಗೆ ನಿರ್ಣಯ ಮಾಡಿದವು. ಗುಟ್ಟಾಗಿ ಬರೆದುಕೊಟ್ಟವರು ಜೆಫರ್ಸನ್ ಮತ್ತು ಮ್ಯಾಡಿಸನ್. ಕೇಂದ್ರ ತನ್ನ ಮಿತಿ ಮೀರಿದರೆ ರಾಜ್ಯಗಳು ಸುಮ್ಮನಿರಬೇಕಿಲ್ಲ ಎಂಬ ವಾದ. ನಮ್ಮಂಥವರಿಗೆ ಕೇಳಲು ಜೇನು. ಆದರೆ ಅದೇ ವಾದವನ್ನು 1832ರಲ್ಲಿ ದಕ್ಷಿಣ ಕೆರೊಲಿನಾ ಎತ್ತಿಕೊಂಡಿತು. ಮುಂದೆ ಗುಲಾಮರನ್ನಿಟ್ಟುಕೊಂಡ ಧಣಿಗಳಿಗೆ ಅದೇ ಗುರಾಣಿಯಾಯಿತು. ರಾಜ್ಯದ ಹಕ್ಕು ಎಂದು ಕೂಗುವವರು ಯಾರ ಹಕ್ಕಿಗಾಗಿ ಕೂಗುತ್ತಿದ್ದಾರೆ ಎಂದು ಕೇಳಲೇಬೇಕು, ಕೂಗುವವರು ನಾವಾದರೂ.

ಯುದ್ಧದ ಗುಮ್ಮನನ್ನು ಕೊನೆಗೆ ಇಳಿಸಿದವರು ಯಾರು? ಅದೇ ಆಡಮ್ಸ್. ಇದನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಅವರ ಪಕ್ಷದ ಹ್ಯಾಮಿಲ್ಟನ್ ದೊಡ್ಡ ಸೈನ್ಯ ಕಟ್ಟುವ ಗುಂಗಿನಲ್ಲಿದ್ದರು. 1799ರ ಫೆಬ್ರವರಿಯಲ್ಲಿ ಆಡಮ್ಸ್ ಮಂತ್ರಿಗಳನ್ನೂ ಕೇಳದೆ ಫ್ರಾನ್ಸಿಗೆ ಹೊಸ ರಾಯಭಾರಿಯನ್ನು ಹೆಸರಿಸಿಬಿಟ್ಟರು. ಸ್ವಂತ ಪಕ್ಷವೇ ಬೆಂಕಿಯಾಯಿತು. ಅಡ್ಡಗಾಲು ಹಾಕಿದ ಪಿಕರಿಂಗನ್ನು ಮುಂದಿನ ವರ್ಷ ಮಂತ್ರಿಪದವಿಯಿಂದ ಕಿತ್ತುಹಾಕಿದರು. 1800ರ ಸೆಪ್ಟೆಂಬರ್ 30ರಂದು ಒಪ್ಪಂದವಾಯಿತು. ಚುನಾವಣೆಯಲ್ಲಿ ಆಡಮ್ಸ್ ಸೋತರು: ಜೆಫರ್ಸನ್‌ಗೆ 73, ಅವರ ಜತೆಯ ಬರ್‌ಗೂ 73, ಆಡಮ್ಸ್‌ಗೆ 65. ತನ್ನ ಗೋರಿಯ ಮೇಲೆ ಫ್ರಾನ್ಸಿನೊಂದಿಗೆ ಶಾಂತಿ ಮಾಡಿದ ಹೊಣೆ ಹೊತ್ತವನು ಎಂಬುದೊಂದೇ ಬರಹ ಸಾಕು ಎಂದು ಮುದಿವಯಸ್ಸಿನಲ್ಲಿ ಪತ್ರ ಬರೆದರು. ಒಂದೇ ಕೈ ಜೈಲಿನ ಕಾಯ್ದೆಗೂ ಸಹಿ ಹಾಕಿತು, ಶಾಂತಿಗೂ ದಾರಿ ಮಾಡಿತು. ಮನುಷ್ಯನನ್ನು ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಲು ಬರುವುದಿಲ್ಲ.

ಇಬ್ಬರಿಗೂ ಸಮಸಮ ಮತ ಬಂದದ್ದರಿಂದ ತೀರ್ಮಾನ ಕೆಳಮನೆಗೆ ಹೋಯಿತು. 36 ಸಲ ಮತ ಹಾಕಿದರು. ಕೊನೆಯ ಸುತ್ತಿನಲ್ಲಿ ವರ್ಮಾಂಟ್ ರಾಜ್ಯದ ಮತವನ್ನು ಜೆಫರ್ಸನ್ ಪರವಾಗಿ ಹಾಕಿದವನು ಯಾರು ಊಹಿಸಿ. ಜೈಲಿನಿಂದ ಗೆದ್ದು ಬಂದಿದ್ದ ಮ್ಯಾಥ್ಯೂ ಲಿಯಾನ್!

ಜೆಫರ್ಸನ್ ಬಂದು ಶಿಕ್ಷೆಯಾದವರಿಗೆ ಕ್ಷಮೆ ಕೊಟ್ಟರು. ಸುಖಾಂತ್ಯವೇ? ನಿಲ್ಲಿ. ಜೇಮ್ಸ್ ಕ್ಯಾಲೆಂಡರ್ ಎಂಬ ಬರಹಗಾರ ಜೆಫರ್ಸನ್ನರಿಂದ ದುಡ್ಡು ಪಡೆದು ಆಡಮ್ಸ್‌ಗೆ ಬೈದು 9 ತಿಂಗಳು ಜೈಲಿನಲ್ಲಿದ್ದವನು. ಹೊರಬಂದು ರಿಚ್‌ಮಂಡ್ ಊರಿನ ಪೋಸ್ಟ್‌ಮಾಸ್ಟರ್ ಕೆಲಸ ಕೇಳಿದ. ಸಿಗಲಿಲ್ಲ. 1802ರಲ್ಲಿ, ಜೆಫರ್ಸನ್ ತಮ್ಮ ಗುಲಾಮಳಾದ ಸ್ಯಾಲಿ ಹೆಮಿಂಗ್ಸ್‌ಳಿಂದ ಮಕ್ಕಳನ್ನು ಪಡೆದಿದ್ದಾರೆ ಎಂದು ಅಚ್ಚು ಹಾಕಿಬಿಟ್ಟ. ಕೊಳಕು ಬಾಯಿಯವನು, ಸೇಡಿನವನು ಎಂದು ಎಲ್ಲರೂ ಮೂಗು ಮುರಿದರು. 1998ರ ಡಿಎನ್‌ಎ ಪರೀಕ್ಷೆಯ ನಂತರ ಬಹುಪಾಲು ಇತಿಹಾಸಕಾರರು ಅವನು ಬರೆದದ್ದರ ತಿರುಳು ನಿಜ ಎಂದು ಒಪ್ಪಿದ್ದಾರೆ. ಇನ್ನು ಜೆಫರ್ಸನ್ 1803ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರ್‌ಗೆ ಬರೆದ ಖಾಸಗಿ ಪತ್ರ ನೋಡಿ. ರಾಜ್ಯಗಳ ಕಾನೂನಿನಡಿ ಆಯ್ದ ಕೆಲವು ಪತ್ರಿಕೆಗಳ ಮೇಲೆ ಕೇಸು ಹಾಕಿದರೆ ಒಳ್ಳೆಯದಾಗುತ್ತದೆ ಎಂಬ ಸಲಹೆ! ಅದೇ ವರ್ಷ ನ್ಯೂಯಾರ್ಕಿನಲ್ಲಿ ಹ್ಯಾರಿ ಕ್ರಾಸ್‌ವೆಲ್ ಎಂಬ ಫೆಡರಲಿಸ್ಟ್ ಸಂಪಾದಕನ ಮೇಲೆ ಕೇಸು ಬಿತ್ತು. ಅಪರಾಧ? ಜೆಫರ್ಸನ್ ಕ್ಯಾಲೆಂಡರ್‌ಗೆ ದುಡ್ಡು ಕೊಟ್ಟಿದ್ದರು ಎಂದು ಅಚ್ಚು ಹಾಕಿದ್ದು. ಅವನ ಪರ ವಾದಿಸಿದವರು ಅದೇ ಹ್ಯಾಮಿಲ್ಟನ್. ನಿಜ ಬರೆದವನಿಗೆ ರಕ್ಷಣೆ ಬೇಕು ಎಂದು! ಕುರ್ಚಿ ಬದಲಾದೊಡನೆ ನಾಲಿಗೆಯೂ ಎರಡೂ ಕಡೆ ಬದಲಾಗಿತ್ತು. ಆ ಕೇಸಿನ ಫಲವಾಗಿ 1805ರಲ್ಲಿ ನ್ಯೂಯಾರ್ಕ್ ಕಾನೂನು ಬದಲಾಯಿಸಿತು ಅನ್ನುವುದೊಂದೇ ಸಮಾಧಾನ.

ನಾಲ್ಕರಲ್ಲಿ ಮೂರು ಕಾನೂನು ಬೇಗನೆ ಸತ್ತವು. ಒಂದು ಸಾಯಲಿಲ್ಲ. ಶತ್ರು ದೇಶದವರನ್ನು ಹಿಡಿಯುವ 1798ರ ಕಾಯ್ದೆ 1812ರ ಯುದ್ಧದಲ್ಲಿ, ಎರಡು ಮಹಾಯುದ್ಧಗಳಲ್ಲಿ ಬಳಕೆಯಾಯಿತು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನೇ ಕೆದಕಿ ತೆಗೆದು ವೆನೆಜುವೆಲಾದವರನ್ನು ವಿಮಾನ ಹತ್ತಿಸಿ ಎಲ್ ಸಾಲ್ವಡಾರ್ ದೇಶದ ಜೈಲಿಗೆ ಕಳುಹಿಸಿದರು. ತಾಲೆರಾಂ ಲಂಚ ಕೇಳಿದ ಸಿಟ್ಟಿನಲ್ಲಿ ಮಾಡಿದ ಕಾನೂನು, 227 ವರ್ಷದ ನಂತರ, ಫ್ರಾನ್ಸ್ ಎಲ್ಲಿದೆಯೆಂದೂ ಯೋಚಿಸಿರದ ಯಾರದೋ ಕೈಗೆ ಬೇಡಿ ಹಾಕಿತು. ಅಮೆರಿಕದಲ್ಲಿರುವ ನಿಮ್ಮ ಅಣ್ಣನನ್ನೋ ಅಕ್ಕನನ್ನೋ ಫೋನಿನಲ್ಲಿ ಮಾತಾಡಿಸುವಾಗ ಈ ಕಾಯ್ದೆಯ ಹೆಸರು ಕೇಳಿ ನೋಡಿ.

ಲಿಯಾನ್ ಕಟ್ಟಿದ ದಂಡವನ್ನು ವಾಪಸ್ಸು ಕೊಡಬೇಕೆಂದು ಕಾಂಗ್ರೆಸ್ 1840ರ ಜುಲೈ 4ರಂದು ತೀರ್ಮಾನಿಸಿತು. ಕೋರ್ಟು ಖರ್ಚೂ ಸೇರಿ 1,060 ಡಾಲರ್ ಚಿಲ್ಲರೆ, ಜತೆಗೆ ನಾಲ್ಕು ದಶಕದ ಬಡ್ಡಿ. ಹಣ ಎಣಿಸಿಕೊಂಡವರು ಅವನ ವಾರಸುದಾರರು. ಲಿಯಾನ್ ಸತ್ತು ಆಗಲೇ 18 ವರ್ಷವಾಗಿತ್ತು.